ಕಬ್ಬಿಣಕ್ಕೆ ಮೈಲಿಗೆಯಿಲ್ಲ

ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಎಂದು ನನಗೆ ಬುದ್ಧಿ ಹೇಳುವವರು ಬಹಳ ಜನ. ಅಪ್ಪ ಹೋಗಿ ಎಷ್ಟೋ ವರ್ಷವಾಯಿತು, ನಿನ್ನ ಬಾಯಲ್ಲೇ ಹಲ್ಲು ಉಳಿದಿಲ್ಲ, ಇನ್ನೂ ಯಾಕೆ ಆ ಮಾತು ಎನ್ನುತ್ತಾರೆ. ಅವರ ಮನೆಯ ಪಡಸಾಲೆಯಲ್ಲಿ ಹದಿಮೂರು ಕಬ್ಬಿಣದ ಟೋಪಿಗಳು ನೇತಾಡುತ್ತಿರಲಿಲ್ಲ. ಅವರ ಚಿಕ್ಕಪ್ಪ ಕೊಟ್ಟಿಗೆಯಲ್ಲಿ ಎತ್ತುಗಳ ಪಕ್ಕ ಕೂತು ಉಣ್ಣುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಎರಡೂ ಇದ್ದವು, ನಡುವೆ ಇದ್ದದ್ದು ಒಂದೇ ಗೋಡೆ. ಆ ಗೋಡೆಯ ಈಚೆಗೂ ಆಚೆಗೂ ಓಡಾಡಿಕೊಂಡೇ ನಾನು ಎಂಟು ವರ್ಷದವಳು ಹನ್ನೊಂದು ವರ್ಷದವಳಾದೆ. ಇವಳಿಗೆ ಮೂಗಿನ ತುದಿಯಲ್ಲೇ ಕೋಪ ಎಂದು ಮುಂದೆ ಗಂಡನ ಮನೆಯವರು ಆಡಿಕೊಂಡರಲ್ಲ, ಆ ಕೋಪ ಹುಟ್ಟಿದ್ದು ಅಲ್ಲಿ. ಅದನ್ನು ನಾನು ತವರಿನಿಂದ ತಂದ ಒಡವೆಯ ಹಾಗೆ ಇಟ್ಟುಕೊಂಡಿದ್ದೇನೆ, ಯಾರಿಗೂ ಬಿಟ್ಟುಕೊಡುವುದಿಲ್ಲ.

ಮನೆ ಇದ್ದದ್ದು ಕೌದಳ್ಳಿಯಲ್ಲಿ, ಹನೂರಿನಿಂದ ಮಾದಪ್ಪನ ಬೆಟ್ಟಕ್ಕೆ ಹೋಗುವ ದಾರಿಯ ಮೇಲೆಯೇ. ನಾವಾಗ ಮದರಾಸು ಸರ್ಕಾರಕ್ಕೆ ಸೇರಿದವರು, ದೊಡ್ಡ ಕಚೇರಿ ಎಂದರೆ ನಮಗೆ ಕೊಯಮತ್ತೂರು. ಅವ್ವನ ತವರು ಯಳಂದೂರಿನ ಕಡೆ, ಅದು ಮೈಸೂರು ಮಹಾರಾಜರ ಸೀಮೆ. ಜಗಳ ಬಂದಾಗೆಲ್ಲ ಅಪ್ಪ ಅವ್ವನನ್ನು ‘ಮೈಸೂರಿನೋಳು’ ಎನ್ನುತ್ತಿದ್ದ, ಅದೇನೋ ದೊಡ್ಡ ಬೈಗುಳ ಎಂಬಂತೆ. ಮುಂದೆ ಜಗುಲಿ, ಜಗುಲಿಯ ಒಂದು ಮೂಲೆಯಲ್ಲಿ ಅಪ್ಪನ ಅಂಗಡಿ: ಉಪ್ಪು, ಬೆಲ್ಲ, ಸೀಮೆಎಣ್ಣೆ, ಹಗ್ಗ. ಒಳಗೆ ಬಂದರೆ ಪಡಸಾಲೆ, ಅದರ ಬಲಕ್ಕೆ ದೇವರ ಮನೆ, ಹಿಂದಕ್ಕೆ ಅಡುಗೆ ಮನೆ, ಎಡಗಡೆಯ ಗೋಡೆಯಾಚೆ ಕೊಟ್ಟಿಗೆ. ಗಂಡಸರು ಉಣ್ಣುವ ಪಂಕ್ತಿ ಪಡಸಾಲೆಯಲ್ಲೇ. ಅಪ್ಪ ಮಿಂದು, ಹಣೆಗೆ ವಿಭೂತಿ ಧರಿಸಿ, ಎದೆಯ ಮೇಲಿನ ಬೆಳ್ಳಿ ಕರಡಿಗೆಯಿಂದ ಲಿಂಗವನ್ನು ತೆಗೆದು ಎಡಗೈಯಲ್ಲಿಟ್ಟು ಪೂಜೆ ಮಾಡಿ, ಆಮೇಲೆ ಗಂಗಳದ ಮುಂದೆ ಕೂರುತ್ತಿದ್ದ. ಹುಟ್ಟಿದ ಕೂಸಿಗೂ ಲಿಂಗ ಕಟ್ಟುವ ಮನೆ ಅದು. ಲಿಂಗವಿಲ್ಲದ ಎದೆ ಆ ಪಂಕ್ತಿಯಲ್ಲಿ ಕೂರುವ ಹಾಗಿರಲಿಲ್ಲ.

ಚಿಕ್ಕಪ್ಪ ಅಪ್ಪನ ಒಬ್ಬನೇ ತಮ್ಮ. ಯುದ್ಧಕ್ಕೆ ತಾನಾಗಿ ಹೋದವನಲ್ಲ. ಆಳು ಸೇರಿಸುವವರು ಹನೂರಿಗೆ ಬಂದು, ದೊಡ್ಡ ಮನೆಯವರೇ ಹಿಂದೆ ಸರಿದರೆ ಬಡವರು ಹೇಗೆ ಬಂದಾರು ಎಂದು ಕೇಳಿದಾಗ, ಅಪ್ಪ ಸಭೆಯ ನಡುವೆ ಎದ್ದು ನಿಂತು ನಮ್ಮ ಮನೆಯಿಂದ ಒಬ್ಬ ಎಂದನಂತೆ. ಆ ಒಬ್ಬ ತಾನಲ್ಲ ಎಂಬುದು ಮನೆಗೆ ಬಂದ ಮೇಲೆ ಗೊತ್ತಾಯಿತು. ಅದಕ್ಕಾಗಿ ಅಪ್ಪನಿಗೆ ಮುದ್ರೆ ಒತ್ತಿದ ಒಂದು ಕಾಗದ ಸಿಕ್ಕಿತು, ಕಟ್ಟು ಹಾಕಿಸಿ ತೂಗುಹಾಕಿದ. ಚಿಕ್ಕಪ್ಪನಿಗೆ ಬರ್ಮಾದ ಕಾಡು ಸಿಕ್ಕಿತು. ಯುದ್ಧ ಮುಗಿದು ಎಷ್ಟೋ ತಿಂಗಳ ಮೇಲೆ ಅವನು ಹನೂರಿನಿಂದ ನಡೆದುಕೊಂಡೇ ಬಂದ. ಹೆಗಲಿಗೊಂದು ಚೀಲ, ಕೈಯಲ್ಲೊಂದು ಮಸಿ ಹಿಡಿದ ಕಬ್ಬಿಣದ ಟೋಪಿ. ಎರಡು ಕೈಯೂ ನಡುಗುತ್ತಿದ್ದವು. ಅಜ್ಜಿ ಅಳುತ್ತಾ ಬಾಗಿಲಿಗೆ ಹೋಗಿ, ಮಗನ ಮುಖ ಸವರಿ, ಎದೆಯ ಮೇಲೆ ಕೈಯಿಟ್ಟವಳು ಅಲ್ಲೇ ನಿಂತುಬಿಟ್ಟಳು. ಅಂಗಿಯೊಳಗೆ ಏನೂ ಇರಲಿಲ್ಲ.

“ಲಿಂಗ ಎಲ್ಲಪ್ಪ?”

“ಓಯ್ತು ಕಣವ್ವ.”

ಅಷ್ಟೇ ಮಾತು. ಲಿಂಗ ಕಳೆದುಕೊಂಡವನು ಹಿಂದಿನ ಕಾಲದಲ್ಲಾಗಿದ್ದರೆ ಪ್ರಾಣವನ್ನೇ ಬಿಡಬೇಕಿತ್ತು ಎಂದು ಅಜ್ಜಿ ಹೇಳುತ್ತಿದ್ದಳು. ಈಗ ಅಷ್ಟಿಲ್ಲ. ಮನೆಯ ಯಜಮಾನ ಅವನನ್ನು ಮಠಕ್ಕೆ ಕರೆದುಕೊಂಡು ಹೋಗಿ, ಅಯ್ಯನವರ ಮುಂದೆ ನಿಂತು, ನಮ್ಮವನದು ತಪ್ಪಾಯಿತು ಎಂದು ಬೇಡಿಕೊಂಡರೆ ಅಯ್ಯನವರು ಬೇರೆ ಲಿಂಗ ಕಟ್ಟುತ್ತಾರೆ. ಅಲ್ಲಿಯವರೆಗೆ ಪಂಕ್ತಿಯಿಲ್ಲ, ದೇವರ ಮನೆಯಿಲ್ಲ, ಅಡುಗೆ ಮನೆಯ ಹೊಸಿಲೂ ಇಲ್ಲ. ಮುಂದಿನ ಸೋಮವಾರ ಕರೆದುಕೊಂಡು ಹೋಗುತ್ತೇನೆ ಎಂದು ಅಪ್ಪ ಹೇಳಿದ. ಚಿಕ್ಕಪ್ಪ ಅಲ್ಲಿಯವರೆಗೆ ಇರಲಿ ಎಂದು ಕೊಟ್ಟಿಗೆಯಲ್ಲಿ ಚಾಪೆ ಹಾಸಿಕೊಂಡ. ಆ ಸೋಮವಾರ ಮೂರು ವರ್ಷವಾದರೂ ಬರಲಿಲ್ಲ. ಒಂದು ಸಲ ಬಿತ್ತನೆ, ಒಂದು ಸಲ ಅಂಗಡಿ, ಒಂದು ಸಲ ಎತ್ತಿಗೆ ಕಾಲುಬೇನೆ. ನಿಜವಾದ ಕಾರಣ ಅದಲ್ಲ, ನನಗೆ ಆಗಲೇ ಗೊತ್ತಿತ್ತು. ನಮ್ಮವನದು ತಪ್ಪಾಯಿತು ಎಂದು ಇನ್ನೊಬ್ಬರ ಮುಂದೆ ಬಗ್ಗಿ ಹೇಳುವ ಸೊಂಟ ಅಪ್ಪನಿಗೆ ಇರಲಿಲ್ಲ.

ಚಿಕ್ಕಪ್ಪನಿಗೆ ಎರಡು ಹೊತ್ತು ಊಟ ಕೊಂಡೊಯ್ಯುವ ಕೆಲಸ ನನ್ನದು. ಅವ್ವ ಮುದ್ದೆಯನ್ನು ಸಾರಿನ ಬಟ್ಟಲ ಜೊತೆ ಹಿತ್ತಿಲ ಬಾಗಿಲಲ್ಲಿ ಕೊಡುತ್ತಿದ್ದಳು. ನಾನು ಅದನ್ನು ಅವನ ಪಟಾಲಮ್ಮಿನ ಅಲುಮಿನಿಯಂ ಡಬ್ಬಿಗೆ ಮುಟ್ಟದ ಹಾಗೆ ಮೇಲಿನಿಂದ ಹಾಕಬೇಕು ಎಂದು ಅಜ್ಜಿಯ ಕಟ್ಟಪ್ಪಣೆ. ನಾನು ಮುಟ್ಟಿಯೇ ಹಾಕುತ್ತಿದ್ದೆ. ಸಾರು ತುಳುಕಿದರೆ ಅವನು ನಡುಗುವ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು ಉಣ್ಣುತ್ತಿದ್ದ. ಮಾತಿಲ್ಲ, ಕತೆಯಿಲ್ಲ, ಎತ್ತಿನ ಬೆನ್ನು ಉಜ್ಜುವುದು, ಹಗ್ಗ ಹೊಸೆಯುವುದು. ಒಂದು ದಿನ ಮಾತ್ರ, ಲಿಂಗ ಹೇಗೆ ಹೋಯಿತು ಎಂದು ನಾನು ಕೇಳಿಯೇ ಬಿಟ್ಟಾಗ, ಮುದ್ದೆಯ ತುತ್ತನ್ನು ಕೆಳಗಿಟ್ಟು ಹೇಳಿದ. ಕತ್ತಿನವರೆಗೆ ನೀರಿದ್ದ ಒಂದು ಹೊಳೆಯನ್ನು ದಾಟುತ್ತಿದ್ದರಂತೆ, ಬಂದೂಕು ನೆನೆಯಬಾರದು ಎಂದು ಎಲ್ಲರೂ ಎರಡು ಕೈಯನ್ನೂ ಮೇಲೆತ್ತಿ ಹಿಡಿದಿದ್ದರಂತೆ.

“ದಾರ ಕಿತ್ಕೊಂತು. ಎದೆ ಮ್ಯಾಲಿಂದ ಜಾರ್ತಾ ಅದೆ ಅಂತ ಗೊತ್ತಾಯ್ತು ಕಣವ್ವ. ಕೈ ಇಳಿಸ್ನಿಲ್ಲ.”

ಕೈ ಇಳಿಸಿದ್ದರೆ ಸಿಗುತ್ತಿತ್ತೇ ಎಂದು ಕೇಳಿದೆ. ಅದನ್ನೇ ಇವತ್ತಿಗೂ ಯೋಚಿಸುತ್ತೇನೆ ಎಂದು ಹೇಳಿ ಮತ್ತೆ ತುತ್ತು ಮುರಿದ.

ಇನ್ನು ಟೋಪಿಗಳ ವಿಷಯ. ಮೊದಲು ಗೋಡೆಗೆ ಏರಿದ್ದು ಚಿಕ್ಕಪ್ಪನ ಟೋಪಿಯೇ. ಬೆಟ್ಟಕ್ಕೆ ಹೋಗುವ ಜನ ನಮ್ಮ ಜಗುಲಿಯಲ್ಲಿ ಗಾಡಿ ಬಿಟ್ಟು ನೀರು ಕುಡಿಯುವಾಗ ಅಪ್ಪ ಅದನ್ನು ತೋರಿಸಿ, ಯುದ್ಧದಿಂದ ಬಂದದ್ದು, ನಮ್ಮ ಮನೆಯದು ಎನ್ನುತ್ತಿದ್ದ. ಜನ ಬಾಯಿಬಿಟ್ಟು ಕೇಳಿದರು. ಆ ಬಾಯಿಬಿಟ್ಟ ಮುಖಗಳ ರುಚಿ ಅಪ್ಪನಿಗೆ ಹತ್ತಿತು. ಆ ದಿನಗಳಲ್ಲಿ ಪಟಾಲಮ್ಮಿನ ಹಳೆಯ ಸಾಮಾನು ಗುಜರಿಯಾಗಿ ಕೊಳ್ಳೇಗಾಲದ ಸಂತೆಗೆ ಗಾಡಿಗಟ್ಟಲೆ ಬರುತ್ತಿತ್ತು. ಕಂಬಳಿ, ನೀರಿನ ಸೀಸೆ, ಬೂಟು, ಈ ಟೋಪಿ. ಬೇರೆ ಮನೆಗಳಲ್ಲಿ ಟೋಪಿಯಲ್ಲಿ ಸಗಣಿ ಎತ್ತುತ್ತಿದ್ದರು, ಹಿಂಡಿ ನೆನೆಸುತ್ತಿದ್ದರು, ದವನದ ಗಿಡ ನೆಡುತ್ತಿದ್ದರು. ಬುದ್ಧಿಯಿದ್ದವರು ಮಾಡುವ ಕೆಲಸ ಅದು. ಅಪ್ಪ ಮಾತ್ರ ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಒಂದೊಂದನ್ನೇ ತಿರುಗಿಸಿ ನೋಡಿ, ಹೊಸದಾಗಿ ಹೊಳೆಯುವುದನ್ನು ಆಚೆಗೆಸೆದು, ನೆಗ್ಗಿದ್ದು, ತುಕ್ಕು ಹಿಡಿದದ್ದು, ಬೆವರಿಗೆ ಕರಿಕಟ್ಟಿದ ಪಟ್ಟಿಯಿರುವುದು, ಇಂಥವನ್ನೇ ಆರಿಸಿ ತರುತ್ತಿದ್ದ. ಆಮೇಲೆ ಅಂಗಡಿಗೇ ಟೋಪಿ ತಂದವರಿಗೆ ಸಾಮಾನು ಕೊಟ್ಟು ಕೊಳ್ಳತೊಡಗಿದ. ಒಂದು, ಮೂರು, ಏಳು, ಹದಿಮೂರು. ಹೆಸರನ್ನೂ ಇಟ್ಟಿದ್ದ: ‘ಗುಂಡಿನದು’, ‘ಸೀಳಿದ್ದು’, ‘ರಕ್ತದ್ದು’. ರಕ್ತದ್ದು ಎಂಬುದರ ಕಲೆ ಎಲೆ ಅಡಿಕೆಯ ಉಗುಳು ಎಂದು ಅವ್ವ ಮೊದಲ ದಿನವೇ ಹೇಳಿದ್ದಳು. ಒಂದೊಂದಕ್ಕೂ ಒಂದು ಕತೆ ಕಟ್ಟಿದ. ಗುಂಡಿನದು ಬಡಗಣ ದೇಶದ ಆರಡಿ ಆಳೊಬ್ಬನದಂತೆ, ತಲೆಗೆ ಗುಂಡು ಹೊಕ್ಕರೂ ಮೂರು ಜನ ಜಪಾನಿನವರನ್ನು ಕೆಡವಿ ಸತ್ತನಂತೆ. ನಿಜಕ್ಕೂ ಯುದ್ಧ ನೋಡಿದವನು ಗೋಡೆಯಾಚೆ ಕೂತು ಇದೆಲ್ಲ ಕೇಳಿಸಿಕೊಳ್ಳುತ್ತಿದ್ದ.

ಟೋಪಿಯ ಒಳಗೆ ಚರ್ಮದ ಪಟ್ಟಿ, ಯಾವ ಪ್ರಾಣಿಯ ಚರ್ಮವೋ, ಯಾರ ತಲೆಯ ಬೆವರೋ. ಅಂಥದ್ದನ್ನು ದೇವರ ಮನೆಯ ಎದುರಿನ ಗೋಡೆಗೆ ನೇತುಹಾಕುವುದೇ, ಪಟ್ಟಿಯನ್ನಾದರೂ ಕುಯ್ದು ಬಿಸಾಡು ಎಂದು ಅಜ್ಜಿ ಹಠ ಹಿಡಿದಳು. ಪಟ್ಟಿ ತೆಗೆದರೆ ಬಳಸಿದ ಗುರುತೇ ಹೋಯಿತಲ್ಲ ಎಂದು ಅಪ್ಪ ರೇಗಿದ. ಆಗ ಅವನು ಹೇಳಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ.

“ಕಬ್ಬಿಣಕ್ಕೆ ಮೈಲ್ಗೆ ಇಲ್ಲ ಕಣವ್ವ.”

ಅಜ್ಜಿ ಗೊಣಗಿಕೊಂಡು ಸುಮ್ಮನಾದಳು. ಗೊತ್ತಿಲ್ಲದವರ ಚರ್ಮ, ಗೊತ್ತಿಲ್ಲದವರ ಬೆವರು ಪಡಸಾಲೆಗೆ ಬರಬಹುದು. ತಾನೇ ಹೆತ್ತ ಮಗ ಬರುವ ಹಾಗಿಲ್ಲ. ಅವ್ವನಿಗೆ ಇನ್ನೊಂದು ಶಿಕ್ಷೆ. ಟೋಪಿಗಳನ್ನು ಒರೆಸುವ ಹಾಗಿಲ್ಲ, ತುಕ್ಕು ಉದುರಬಾರದು, ಮಣ್ಣು ಹೋಗಬಾರದು. ಆದರೆ ಗೋಡೆ ಮಾತ್ರ ಚೊಕ್ಕಟವಾಗಿರಬೇಕು. ಅವ್ವ ಬಟ್ಟೆಯ ತುದಿ ಹಿಡಿದು ಒಂದೊಂದು ಟೋಪಿಯ ಸುತ್ತಲೂ, ಮಲಗಿದ ಕೂಸಿನ ಪಕ್ಕ ಗುಡಿಸುವ ಹಾಗೆ, ಸದ್ದಿಲ್ಲದೆ ಒರೆಸುತ್ತಿದ್ದಳು. ಹತ್ತಿರದಿಂದ ನೋಡಿದರೆ ತುಟಿ ಅಲ್ಲಾಡುತ್ತಿತ್ತು. ಮಂತ್ರವಲ್ಲ, ಬೈಗುಳ.

ಒಳ್ಳೊಳ್ಳೆಯ ನೆಗ್ಗು, ಒಳ್ಳೊಳ್ಳೆಯ ತೂತು ಬಂದ ಮೇಲೆ ಚಿಕ್ಕಪ್ಪನ ಟೋಪಿ ಅಪ್ಪನ ಕಣ್ಣಿಗೆ ಸಪ್ಪೆಯಾಯಿತು. ಅದರಲ್ಲಿ ನೆಗ್ಗಿರಲಿಲ್ಲ, ತೂತಿರಲಿಲ್ಲ. ಹೊರಗಡೆ ಪೂರಾ ಮಸಿ, ಅಂಚಿನಲ್ಲಿ ಕಲ್ಲಿಗೆ ತಾಗಿ ಸವೆದ ಮೂರು ಗುರುತು, ಅಷ್ಟೇ. ಕಾಡಿನಲ್ಲಿ ಚಿಕ್ಕಪ್ಪ ಆ ಮಸಿಯ ಟೋಪಿಯಲ್ಲೇ ಅನ್ನ ಬೇಯಿಸಿಕೊಂಡಿದ್ದ, ಅದರಲ್ಲೇ ನೀರು ತಂದಿದ್ದ, ಅದನ್ನೇ ತಲೆಯಡಿ ಇಟ್ಟುಕೊಂಡು ಮಲಗಿದ್ದ. ಬಂದವರಿಗೆ ಅಡುಗೆ ಪಾತ್ರೆ ತೋರಿಸೋಕಾಗ್ತದ ಎಂದು ಅಪ್ಪ ಅದನ್ನು ಕೆಳಗಿಳಿಸಿ ಹಿತ್ತಿಲಿಗೆ ಕೊಟ್ಟ. ಕೋಳಿ ಸಾಕುವ ಮನೆಯಲ್ಲ ನಮ್ಮದು, ಆದರೆ ಅಂಗಳಕ್ಕೆ ಬರುವ ಊರ ಕೋಳಿಗೂ ಗುಬ್ಬಿಗೂ ಅದರಲ್ಲಿ ನೀರಿಟ್ಟರು. ಚಿಕ್ಕಪ್ಪ ಅದನ್ನು ನೋಡಿದ. ದಿನಾ ಬೆಳಿಗ್ಗೆ ಹಳೆಯ ನೀರು ಚೆಲ್ಲಿ ಹೊಸ ನೀರು ತುಂಬುವ ಕೆಲಸವನ್ನು ತಾನೇ ವಹಿಸಿಕೊಂಡ.

ಕುಡುಗೋಲು ಹದ ಮಾಡಿಸಿಕೊಂಡು ಬಾ ಎಂದು ಅವ್ವ ಒಂದು ದಿನ ನನ್ನನ್ನು ಕುಲುಮೆಗೆ ಕಳಿಸಿದಳು. ನಮ್ಮೂರ ಆಚಾರಿ ಒಳ್ಳೆಯ ಮನುಷ್ಯ, ಮಕ್ಕಳನ್ನು ಕಂಡರೆ ತಿದಿ ಒತ್ತಲು ಬಿಡುತ್ತಿದ್ದ. ಆ ದಿನ ಅವನ ಮುಂದೆ ಒಂದು ಹೊಚ್ಚ ಹೊಸ ಕಬ್ಬಿಣದ ಟೋಪಿ ಕೆಂಡದಲ್ಲಿ ಕೆಂಪಗೆ ಕಾಯುತ್ತಿತ್ತು. ಚಿಮಟದಲ್ಲಿ ಎತ್ತಿ ಅಡಿಗಲ್ಲಿನ ಮೇಲಿಟ್ಟು, ಉಳಿಯ ಮೇಲೆ ಸುತ್ತಿಗೆಯಿಂದ ಒಂದು ಹೊಡೆತ ಕೊಟ್ಟ. ದುಂಡಗೆ ತೂತು ಬಿತ್ತು. ಪಕ್ಕದ ಗುಡಾಣದಲ್ಲಿ ಇನ್ನೆರಡು ಉಪ್ಪು ನೀರಿನಲ್ಲಿ ತುಕ್ಕು ಹಿಡಿಯುತ್ತಾ ಮುಳುಗಿದ್ದವು. ನನ್ನನ್ನು ನೋಡಿ ಅವನಿಗೆ ಗಾಬರಿಯಾಯಿತು.

“ನಿಮ್ಮಪ್ಪಾರಿಗೆ ಏಟು ಬಿದ್ದಿರಾದೇ ಬೇಕಂತೆ ಕಣವ್ವ. ಬರೀ ಟೋಪಿ ತಂದ್ರೆ ವಾಪಸ್ ಕಳುಸ್ತರೆ. ಅದ್ಕೆ ಜನ ಇಲ್ಲಿಗೆ ತತ್ತರೆ, ನಾನು ಏಟು ಆಕ್ತಿನಿ. ಯೋಳ್ಬುಟ್ಟೀಯ.”

ಊರಿಗೆ ಊರೇ ಸೇರಿ ಅಪ್ಪನಿಗೆ ಟೋಪಿ ಹಾಕುತ್ತಿತ್ತು. ನಮ್ಮ ಗದ್ದೆಯ ಆಳುಗಳು, ನಮ್ಮದೇ ನೆಂಟರು, ಬಂಡಳ್ಳಿಯವರು, ಹೂಗ್ಯದವರು, ಎಲ್ಲರೂ ಕೊಳ್ಳೇಗಾಲದಿಂದ ಸಾದಾ ಟೋಪಿ ತಂದು, ಆಚಾರಿಯ ಕೈಲಿ ಯುದ್ಧ ಮಾಡಿಸಿ, ಗೊಬ್ಬರದ ಗುಂಡಿಯಲ್ಲಿ ಎಂಟು ದಿನ ಹೂತು, ಗುರುತಿಲ್ಲದವರ ಕೈಲಿ ನಮ್ಮ ಅಂಗಡಿಗೆ ಕಳಿಸಿ ಬೆಲ್ಲ ರಾಗಿ ಕೊಂಡೊಯ್ಯುತ್ತಿದ್ದರು. ನಾನು ಓಡಿಹೋಗಿ ಚಿಕ್ಕಪ್ಪನಿಗೆ ಹೇಳಿದೆ. ಅವನು ಹಗ್ಗ ಹೊಸೆಯುವುದನ್ನು ನಿಲ್ಲಿಸಿ ನಕ್ಕ. ಅವನು ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು. ನನಗೆ ಮುಂಚೆಯೇ ಗೊತ್ತು, ಗುಂಡು ಹೊಕ್ಕರೆ ತೂತು ಅಷ್ಟು ಅಂದವಾಗಿರುವುದಿಲ್ಲ ಎಂದ. ಅಪ್ಪನಿಗೆ ಯಾಕೆ ಹೇಳಲಿಲ್ಲ ಎಂದರೆ, ಅಣ್ಣಯ್ಯ ನನ್ನನ್ನು ಕೇಳಿಲ್ಲವಲ್ಲ ಎಂದ.

ಕೇಳುವ ದಿನವೂ ಬಂತು. ಬಿಳಿಯರ ಸರ್ಕಾರ ಹೋದ ಮೇಲೂ ಊರಿಗೆ ಮರಳದ ಒಬ್ಬ ದೊರೆ ಕಾಡಿನ ಕಡೆಗೆ ಶಿಕಾರಿಗೆ ಬಂದು ಹನೂರಿನ ಬಂಗಲೆಯಲ್ಲಿ ಇಳಿದುಕೊಂಡಿದ್ದ. ಅವನೂ ಯುದ್ಧ ಮಾಡಿ ಬಂದವನಂತೆ. ಕೌದಳ್ಳಿಯಲ್ಲೊಬ್ಬರು ಟೋಪಿಗಳನ್ನು ಕೂಡಿಹಾಕಿದ್ದಾರೆ ಎಂದು ಯಾರೋ ಅವನ ಕಿವಿಗೆ ಹಾಕಿದ್ದರು, ನಾಳೆ ಬರುತ್ತೇನೆ ಎಂದು ಅವನು ಹೇಳಿಕಳಿಸಿದ. ಅಪ್ಪನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಗೋಡೆಗೆ ಸುಣ್ಣ ಹೊಡೆಸಿದ, ಟೋಪಿಗಳ ಜಾಗ ಹತ್ತು ಸಲ ಬದಲಿಸಿದ. ಬರಿಯ ಟೋಪಿ ಇದ್ದರೆ ಸಾಲದು, ಒಂದಾದರೂ ಮನೆಯವನದೇ ಎಂದರೆ ಚೆನ್ನ ಎಂದು ಯಾವಾಗ ಹೊಳೆಯಿತೋ, ಮೂರು ವರ್ಷದಲ್ಲಿ ಕಾಲಿಡದ ಕೊಟ್ಟಿಗೆಗೆ ಬಂದ. ನಾನು ಅಲ್ಲೇ ಡಬ್ಬಿ ತೊಳೆಯುತ್ತಿದ್ದೆ. ಅಪ್ಪ ತನ್ನದೇ ಒಂದು ಕೋಟನ್ನು ಗೂಟಕ್ಕೆ ನೇತುಹಾಕಿ, ಎದೆಯ ಮೇಲಿನ ಕರಡಿಗೆಯನ್ನು ಮುಟ್ಟಿಕೊಂಡು ಹೇಳಿದ.

“ಗುಂಡಿನ ಟೋಪಿ ನಂದೇ ಅಂತ ದೊರೆ ಮುಂದ ಒಂದ್ ಮಾತು ಯೋಳ್ಬುಡು. ಈ ಸೋಮ್ವಾರ ಮಠಕ್ಕೆ ಕರ್ಕೊಂಡೋಯ್ತಿನಿ. ಲಿಂಗದಾಣೆ.”

ಚಿಕ್ಕಪ್ಪ ಆ ಕರಡಿಗೆಯನ್ನೇ ನೋಡುತ್ತಾ ನಿಂತಿದ್ದ. ಅಪ್ಪ ಹೋದ ಮೇಲೆ ನಾನು ಅವನ ಕೈ ಹಿಡಿದುಕೊಂಡು ಗೋಗರೆದೆ. ಹೇಳಿಬಿಡು ಚಿಕ್ಕಪ್ಪ, ಒಂದು ಸುಳ್ಳು ತಾನೇ, ಎಲ್ಲರೂ ಹೇಳುತ್ತಾರೆ, ಒಳಗೆ ಬಂದುಬಿಡು ಎಂದೆ. ನನಗೆ ಬೇಕಿದ್ದದ್ದು ಅಷ್ಟೇ. ಅವನು ಪಡಸಾಲೆಯಲ್ಲಿ ಕೂತು ಕಂಚಿನ ಗಂಗಳದಲ್ಲಿ ಉಣ್ಣುವುದನ್ನು ನಾನು ನೋಡಬೇಕಿತ್ತು.

ದೊರೆ ಬಂದ. ಕೆಂಪು ಮುಖ, ಬಿಳಿ ಮೀಸೆ, ಜೊತೆಗೆ ತಮಿಳು ಮಾತಾಡುವ ಒಬ್ಬ ಗುಮಾಸ್ತ. ನಮ್ಮ ಕಡೆಯವರಿಗೆಲ್ಲ ತಮಿಳು ಬರುವುದರಿಂದ ಅಪ್ಪ ಒಂದೊಂದು ಟೋಪಿಯ ಕತೆಯನ್ನೂ ಹೇಳಿದ, ಗುಮಾಸ್ತ ಅದನ್ನು ಇಂಗ್ಲಿಷಿಗೆ ತಿರುಗಿಸಿದ. ದೊರೆ ತಲೆಯಾಡಿಸುತ್ತಾ ಸಾಗಿದ. ಗುಂಡಿನದರ ಮುಂದೆ ನಿಂತು ತೂತಿನೊಳಗೆ ಬೆರಳು ಹಾಕಿ ಅಂಚನ್ನು ಸವರಿದ. ಇದು ಯಾರದು ಎಂದು ಕೇಳಿಸಿದ. ನನ್ನ ತಮ್ಮನದು, ಅವನೇ ಹೇಳುತ್ತಾನೆ ಎಂದು ಅಪ್ಪ ಚಿಕ್ಕಪ್ಪನನ್ನು ಜಗುಲಿಗೆ ಕರೆಸಿದ. ಅಪ್ಪ ಕೊಟ್ಟ ಕೋಟನ್ನು ಅವನು ಹಾಕಿಕೊಂಡಿರಲಿಲ್ಲ. ದೊರೆಯನ್ನು ಕಂಡದ್ದೇ ಚಿಕ್ಕಪ್ಪನ ಬೆನ್ನು ನೆಟ್ಟಗಾಯಿತು, ಕೈಗಳು ತೊಡೆಗೆ ಅಂಟಿಕೊಂಡವು. ದೊರೆ ಗುಮಾಸ್ತನನ್ನು ಬಿಟ್ಟು ತಾನೇ ಹಿಂದೂಸ್ತಾನಿಯಲ್ಲಿ ಕೇಳಿದ, ಚಿಕ್ಕಪ್ಪ ಹಿಂದೂಸ್ತಾನಿಯಲ್ಲೇ ಉತ್ತರ ಕೊಟ್ಟ. ಅಪ್ಪನಿಗೆ ಒಂದಕ್ಷರ ತಿಳಿಯದು. ನಗುನಗುತ್ತಾ ಇಬ್ಬರ ಬಾಯನ್ನೂ ನೋಡುತ್ತಿದ್ದ. ಚಿಕ್ಕಪ್ಪ ತಲೆ ಅಡ್ಡ ಆಡಿಸಿದ. ಆಮೇಲೆ ಹಿತ್ತಿಲಿಗೆ ಹೋಗಿ, ಮಸಿ ಟೋಪಿಯ ನೀರು ಚೆಲ್ಲಿ, ಪಂಚೆಯ ತುದಿಯಲ್ಲಿ ಒರೆಸಿ ತಂದು ದೊರೆಯ ಕೈಗಿತ್ತ. ದೊರೆ ಅದನ್ನು ಎರಡು ಕೈಯಲ್ಲಿ ಹಿಡಿದು ತಿರುಗಿಸಿದ, ಮಸಿಯನ್ನು ಮುಟ್ಟಿ ಮೂಸಿದ, ಏನೋ ಕೇಳಿದ. ಚಿಕ್ಕಪ್ಪ ‘ಚಾವಲ್ ಸಾಬ್’ ಎಂದ, ಅನ್ನ ಎಂದರ್ಥ. ದೊರೆ ಹೋ ಎಂದು ನಕ್ಕು, ಜಗುಲಿಯ ಕಟ್ಟೆಯ ಮೇಲೆ ಕೂತು, ಪಕ್ಕದ ಜಾಗವನ್ನು ಕೈಯಿಂದ ತಟ್ಟಿ ತೋರಿಸಿದ. ಇಬ್ಬರೂ ಒಂದು ಗಳಿಗೆ ಮಾತಾಡಿದರು. ಒಳಗಿನ ಹದಿಮೂರು ಟೋಪಿಗಳನ್ನು ದೊರೆ ಮತ್ತೆ ತಿರುಗಿಯೂ ನೋಡಲಿಲ್ಲ. ಅಪ್ಪ ಕಂಬ ಹಿಡಿದು ನಿಂತೇ ಇದ್ದ. ಏನು ಮಾತಾಡಿದರು ಎಂದು ಗುಮಾಸ್ತನನ್ನು ಕೇಳಿದರೆ, ಗುಂಡಿನ ತೂತು ಕಮ್ಮಾರನ ಉಳಿಯದು, ಬೇರೆಯವೂ ಅದೇ ಥರದವು ಅಂತ ನಿಮ್ಮ ತಮ್ಮನವರು ಹೇಳಿದರು ಎಂದು ಅವನು ಕೂಗಿಯೇ ಹೇಳಿದ. ಜಗುಲಿಯ ತುಂಬ ಊರ ಜನ. ಕೆಲವರು ಕೆಮ್ಮಿದರು.

ಅದೇ ಸಂಜೆ ಅಪ್ಪ ಅಂಗಳದಲ್ಲಿ ನಿಂತು, ಲಿಂಗ ಗಿಂಗ ಏನೂ ಇಲ್ಲ, ಮಾನ ಕಳೆದವನು ಸಾಯುವ ತನಕ ಕೊಟ್ಟಿಗೆಯಲ್ಲೇ ಕೊಳೆಯಲಿ ಎಂದ. ಅಜ್ಜಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅವ್ವ ಒಲೆಯ ಮುಂದೆ ಕೂತು ಎಲ್ಲವನ್ನೂ ಕೇಳಿ, ಒಂದು ಸೌದೆಯನ್ನು ಒಳಕ್ಕೆ ತಳ್ಳಿದಳು.

ಮಾರನೆಯ ದಿನ ಮಧ್ಯಾಹ್ನ ಅಪ್ಪ ಪೂಜೆ ಮುಗಿಸಿ ದೇವರ ಮನೆಯಿಂದ ಈಚೆ ಬಂದು ಹೊಸಿಲಲ್ಲೇ ನಿಂತ. ಗೋಡೆ ಬರಿದಾಗಿತ್ತು, ಬರೀ ಮೊಳೆಗಳು. ಹದಿಮೂರು ಟೋಪಿಗಳೂ ಪಂಕ್ತಿಯಲ್ಲಿ ಕೂತಿದ್ದವು. ಅವ್ವ ಅವನ್ನು ಎರಡು ಸಾಲಾಗಿ ನೆಲದ ಮೇಲೆ ಕೂರಿಸಿ, ಒಂದೊಂದರ ಮುಂದೆಯೂ ಮುತ್ತುಗದ ಎಲೆ ಹಾಕಿ, ಎಲೆಗೊಂದು ಮುದ್ದೆ ಇಟ್ಟು ಹುರುಳಿ ಸಾರು ಬಿಟ್ಟಿದ್ದಳು. ಹಬ್ಬದಡುಗೆ ಮಾಡಿದ ಹಾಗೆ ಬೆಳಗಿನಿಂದ ಒಬ್ಬಳೇ ಮುದ್ದೆ ತಿರುವಿದ್ದು ಇದಕ್ಕೆ ಎಂದು ನನಗೆ ಆಗ ಗೊತ್ತಾಯಿತು. ನಡುವೆ, ಗುಂಡಿನದಕ್ಕೂ ರಕ್ತದ್ದಕ್ಕೂ ಮಧ್ಯೆ, ಅಪ್ಪನ ಗಂಗಳ.

“ಕುಂತ್ಕಳಿ. ಇವರ್ಗೆ ಮೈಲ್ಗೆ ಇಲ್ವಲ್ಲ. ಒಡಹುಟ್ಟಿದೋರು ಇವ್ರೆ ತಾನೆ ನಿಮ್ಗೆ. ಇವರ ಜೊತೇಲೆ ಉಣ್ಣಿ.”

ಅವ್ವ ಕೂಗಲಿಲ್ಲ, ದಿನಾ ಊಟಕ್ಕೆ ಕರೆಯುವ ದನಿಯಲ್ಲೇ ಹೇಳಿದಳು. ಅಪ್ಪ ಕೈಯೆತ್ತಿ ಅವಳ ಕಡೆಗೆ ನುಗ್ಗಿದ. ಆಗ ಮೂಲೆಯಲ್ಲಿ ಗೋಡೆಗೊರಗಿ ಕೂತಿದ್ದ ಅಜ್ಜಿ ಮಾತಾಡಿದಳು. ಮೂರು ವರ್ಷ ಮಗನಿಗೆ ಮುಟ್ಟದೆ ಅನ್ನ ಹಾಕಿಸಿದವಳು, ಅವಳನ್ನೂ ನಾನು ಕ್ಷಮಿಸಿಲ್ಲ. ಆದರೆ ಆ ಒಂದು ಮಾತಿಗೆ ಅವಳ ಕಾಲು ಮುಟ್ಟಿದ್ದೇನೆ.

“ನೀನೇ ತಂದು ಕೂರ್ಸ್ಕಂಡ ನೆಂಟ್ರು ಕಣ್ಲಾ. ಅವಳ್ಗೇನು ಒಡೀತೀಯ. ಉಣ್ಣು.”

ಎತ್ತಿದ ಕೈ ಕೆಳಗಿಳಿಯಿತು. ಅವ್ವ ತನ್ನ ಮುದ್ದೆ ಸಾರು ತೆಗೆದುಕೊಂಡು ಪಡಸಾಲೆಯ ನಡುವೆಯೇ ನಡೆದುಹೋಗಿ, ಕೊಟ್ಟಿಗೆಯಲ್ಲಿ ಚಿಕ್ಕಪ್ಪನ ಎದುರಿಗೆ ಕೂತು ಉಂಡಳು. ಅತ್ತಿಗೆ ಮೈದುನನ ಎದುರು ಕೂತು ಉಣ್ಣುವುದು ನಮ್ಮಲ್ಲಿ ಯಾರೂ ಕಂಡು ಕೇಳಿದ್ದಲ್ಲ. ಅಪ್ಪ ಆ ದಿನ ಉಣ್ಣಲಿಲ್ಲ. ಟೋಪಿಗಳ ಮುಂದಿನ ಮುದ್ದೆ ಆರಿ ಕಲ್ಲಾದವು, ಸಂಜೆ ಎತ್ತುಗಳಿಗೆ ಹಾಕಿದೆವು.

ಸೋಮವಾರಕ್ಕೆ ಸರಿಯಾಗಿ ಮಠ ಮುಟ್ಟುವ ಹಾಗೆ ಅವ್ವ ತವರಿಗೆ ಹೋಗುತ್ತೇನೆ ಎಂದು ಗಾಡಿ ಕಟ್ಟಿಸಿದಳು. ಗಾಡಿ ಹೊಡೆದವನು ಚಿಕ್ಕಪ್ಪ, ನಾನೂ ಹತ್ತಿ ಕೂತೆ. ಅಪ್ಪ ಅಂಗಡಿಯೊಳಗಿಂದ ನೋಡಿದ. ಕೊಳ್ಳೇಗಾಲ ದಾಟಿ ಮೈಸೂರು ಸೀಮೆಯನ್ನು ಹೊಗುವಾಗ ಸುಂಕದ ಕಟ್ಟೆಯವನು ಗಾಡಿಯಲ್ಲಿ ಕೈಯಾಡಿಸಿ, ಮಸಿ ಟೋಪಿಯನ್ನು ಎತ್ತಿ ಇದೇನು ಎಂದ. ಅನ್ನ ಮಾಡುವ ಪಾತ್ರೆ ಎಂದ ಚಿಕ್ಕಪ್ಪ. ನಿಜವೂ ಆಗಿತ್ತು, ದಾರಿಯಲ್ಲಿ ನಮಗೆ ಅದರಲ್ಲೇ ಅನ್ನ ಮಾಡಿಕೊಟ್ಟಿದ್ದ. ಯಳಂದೂರಿನ ಈಚೆಗೆ ಅವ್ವನ ತವರಿನವರು ನಡೆದುಕೊಳ್ಳುತ್ತಿದ್ದ ಒಂದು ಸಣ್ಣ ಮಠ. ಮುಪ್ಪಾದ ಅಯ್ಯನವರು ಬಾಗಿಲಲ್ಲಿ ಕೂತು ಕುಟ್ಟಾಣಿಯಲ್ಲಿ ಎಲೆ ಅಡಿಕೆ ಕುಟ್ಟುತ್ತಿದ್ದರು. ಅವ್ವ ಅಡ್ಡಬಿದ್ದು ಎಲ್ಲವನ್ನೂ ಹೇಳಿದಳು. ಮನೆಯ ಯಜಮಾನ ಎಲ್ಲಿ ಎಂದು ಅವರು ಕೇಳಿದರು.

“ನಾನೇ ಬಂದಿವ್ನಿ ಬುದ್ಧಿ.”

ಅಯ್ಯನವರು ಅವಳನ್ನು ಒಂದು ಸಲ ನೋಡಿ, ಚಿಕ್ಕಪ್ಪನಿಗೆ ಬಾವಿಯಲ್ಲಿ ಮಿಂದು ಬರಲು ಹೇಳಿದರು. ಅವನು ಒದ್ದೆ ಪಂಚೆಯಲ್ಲಿ ಬಂದು ಕೂತ. ವಿಭೂತಿ ಹಚ್ಚಿದರು, ಕಿವಿಯಲ್ಲಿ ಮಂತ್ರ ಹೇಳಿದರು, ಅಂಗೈ ಮೇಲೆ ಲಿಂಗ ಇಟ್ಟರು, ಹೊಸ ದಾರದಲ್ಲಿ ಕಟ್ಟಿದರು. ಕುಟ್ಟಾಣಿಯಲ್ಲಿ ಕುಟ್ಟಿಟ್ಟಿದ್ದ ಎಲೆ ಅಡಿಕೆ ಇನ್ನೂ ಒಣಗಿರಲಿಲ್ಲ, ಅಷ್ಟರಲ್ಲಿ ಮುಗಿದುಹೋಯಿತು. ಮೂರು ವರ್ಷ ಕೊಟ್ಟಿಗೆಯಲ್ಲಿ ಕೂರಿಸಿದ್ದು ಇಷ್ಟಕ್ಕೆ. ನನಗೆ ಅಳು ಬರಲಿಲ್ಲ, ಯಾರನ್ನಾದರೂ ಕಚ್ಚಬೇಕು ಅನ್ನಿಸಿತು. ಇಷ್ಟು ದಿನ ಯಾಕಪ್ಪ ಬರಲಿಲ್ಲ, ಈಟು ದೂರದ ದಾರಿ ನಿನಗೊಂದು ದೂರವೇ ಎಂದು ಅಯ್ಯನವರು ಕೇಳಿದರು. ಚಿಕ್ಕಪ್ಪ ಲಿಂಗವನ್ನು ಎರಡು ಕೈಯಲ್ಲೂ ಮುಚ್ಚಿ ಹಿಡಿದುಕೊಂಡಿದ್ದ.

“ಅಣ್ಣಯ್ಯ ಕರ್ಕಬತ್ತನೆ ಅಂತ ಕಾಯ್ತಾ ಇದ್ದಿ ಬುದ್ಧಿ.”

ಊರಿಗೆ ಬಂದ ಮೇಲೆ ಅವ್ವ ಅಪ್ಪನ ಪಕ್ಕದಲ್ಲಿ ಇನ್ನೊಂದು ಗಂಗಳ ಇಟ್ಟಳು. ಅಪ್ಪ ತನ್ನ ಪಾಡಿಗೆ ಉಂಡ. ಟೋಪಿಗಳು ಮತ್ತೆ ಗೋಡೆ ಹತ್ತಿದ್ದವು. ಚಿಕ್ಕಪ್ಪ ತಲೆ ತಗ್ಗಿಸಿ ಕೂತು ಉಣ್ಣುತ್ತಿದ್ದ, ಕೈ ನಡುಗಿ ಗಂಗಳ ಟಣಟಣ ಎನ್ನುತ್ತಿತ್ತು. ಹದಿನೈದು ದಿನ ಹಾಗೆ ನಡೆಯಿತು. ಮನೆ ನೆಟ್ಟಗಾಯಿತು ಎಂದು ನಾನು ನಂಬಿದ್ದೆ.

ಆಮೇಲೆ ಒಂದು ಮಧ್ಯಾಹ್ನ ಬೆಟ್ಟಕ್ಕೆ ಹೊರಟ ನೆಂಟರು ನಾಲ್ಕು ಜನ ಊಟಕ್ಕೆ ಕೂತಿದ್ದರು. ನಾನು ಮಜ್ಜಿಗೆ ಬಡಿಸುತ್ತಿದ್ದೆ. ಅಪ್ಪನ ಬಾಯಿಗೆ ಕೇಳುವವರು ಸಿಕ್ಕರು. ಗುಂಡಿನದರ ಕತೆ ಹೇಳಿದ, ಅದೇ ಆರಡಿ ಆಳು, ಅವೇ ಮೂರು ಹೆಣ. ಆಮೇಲೆ ಹೊಸದೊಂದು ಕತೆಗೆ ಕೈಹಾಕಿದ. ತಮ್ಮ ಯುದ್ಧದಲ್ಲಿ ಲಿಂಗ ಕಳೆದುಕೊಂಡು ಬಂದ, ಊರೆಲ್ಲ ಬೇಡ ಅಂದರೂ ನಾನು ಬಿಡಲಿಲ್ಲ, ನಾನೇ ಮಠಕ್ಕೆ ಕರೆದುಕೊಂಡು ಹೋಗಿ ಅಯ್ಯನವರ ಕಾಲು ಹಿಡಿದು ಕಟ್ಟಿಸಿದೆ ಎಂದ. ನೆಂಟರು ಮೆಚ್ಚಿ ಲೊಚಗುಟ್ಟಿದರು. ಹದಿಮೂರು ಕತೆಗಳ ಪಕ್ಕದಲ್ಲಿ ಅದೂ ಒಂದು ಮೊಳೆಗೆ ನೇತುಬಿತ್ತು. ಅಡುಗೆ ಮನೆಯ ಬಾಗಿಲಲ್ಲಿ ಅವ್ವ ನಿಂತಿದ್ದಳು, ಅವಳ ಮುಖ ನೋಡಿ ನನ್ನ ಬಾಯಿ ತಡೆಯಲಿಲ್ಲ. ಸುಳ್ಳು ಎಂದೆ. ಅವ್ವ ಕರೆದುಕೊಂಡು ಹೋದದ್ದು, ನೀನಲ್ಲ ಎಂದೆ. ಅಪ್ಪ ಎಂಜಲು ಕೈಯಲ್ಲೇ ನನ್ನ ಕೆನ್ನೆಗೆ ಹೊಡೆದ. ಮಜ್ಜಿಗೆಯ ಚೊಂಬು ಉರುಳಿತು.

ನೆಂಟರು ಎಲೆ ನೋಡುತ್ತಾ ಕೂತರು. ಪಂಕ್ತಿಯಲ್ಲಿ ಎಲ್ಲರ ಊಟ ಮುಗಿಯುವ ಮೊದಲು ಯಾರೂ ಏಳಬಾರದು, ಎದ್ದರೆ ಮನೆಯ ಯಜಮಾನನಿಗೆ ಅವಮಾನ. ಚಿಕ್ಕಪ್ಪ ಅರ್ಧ ಮುದ್ದೆಯಿದ್ದ ಗಂಗಳವನ್ನು ಎತ್ತಿಕೊಂಡು ಎದ್ದ. ಆ ಹೊತ್ತು ಅವನ ಕೈ ನಡುಗಲಿಲ್ಲ, ನಾನು ನೋಡಿದ್ದೇನೆ.

“ಅಣ್ಣಯ್ಯ, ಮೊಗ ನಿಜ ಯೋಳ್ತು.”

ಹೇಳಿ, ಪಡಸಾಲೆ ಇಳಿದು ಕೊಟ್ಟಿಗೆಗೆ ಹೋದ. ಲಿಂಗ ಕಟ್ಟಿಕೊಂಡವನು, ಯಾರೂ ಹೋಗು ಅನ್ನದೆ ತಾನಾಗಿ ಹೋದ. ಮತ್ತೆ ಸಾಯುವ ದಿನದವರೆಗೂ ಅವನು ಅಪ್ಪನ ಪಕ್ಕದಲ್ಲಿ ಕೂತು ಉಣ್ಣಲಿಲ್ಲ. ಅವ್ವ ದಿನಾ ಎರಡು ಗಂಗಳ ಇಡುತ್ತಿದ್ದಳು, ಒಂದು ಹಾಗೇ ಇರುತ್ತಿತ್ತು. ನಾನು ಆ ಮಧ್ಯಾಹ್ನ ಉರಿಯುವ ಕೆನ್ನೆಯ ಮೇಲಿನ ಸಾರನ್ನು ಒರೆಸಿಕೊಳ್ಳದೆ, ಒಳಗಿಂದ ನನ್ನ ಮುದ್ದೆಯನ್ನು ತೆಗೆದುಕೊಂಡು, ನೆಂಟರ ಎದುರಿಗೇ ಪಡಸಾಲೆ ದಾಟಿ ಅವನ ಹಿಂದೆ ಹೋದೆ. ಎತ್ತುಗಳನ್ನು ಸ್ವಲ್ಪ ಆಚೆ ಸರಿಸಿ ಅವನು ನನಗೆ ಜಾಗ ಮಾಡಿಕೊಟ್ಟ.